ರಾವಣನ ಬೆನ್ನ ಹಿಂದಿನ ಬಾಗಿಲು

ಒಳಗಣನೆಯ ಇನ್ನೂರನೆಯ ವರ್ಷ, ಸೂರ್ಯ ಕಾಣದ ಸಂಕ್ರಾಂತಿ.

ಬೆಟ್ಟ ಕೊರೆಯುತ್ತಿರುವ ಪೂರ್ವಿಕರಿಗೆ, ನಿಮ್ಮ ಸಂತತಿಯ ಮಕ್ಕಳಿಗೆ ಕಲ್ಲುಕೆತ್ತನೆ ಕಲಿಸುವ ಉಪಾಧ್ಯಾಯ ಹೇಮಾದ್ರಿಯ ನಮಸ್ಕಾರಗಳು. ಬೆಟ್ಟದೊಳಗೆ ಸೇರಿದ ದಿನದಿಂದ ಎಣಿಸಿದ ಈ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗದು. ನನ್ನ ಕೆಲವು ಮಾತುಗಳೂ ನಿಮ್ಮ ಕಿವಿಗೆ ವಿಚಿತ್ರವೆನಿಸಬಹುದು, ಮನ್ನಿಸಬೇಕು. ನಾವಾಡುವುದೂ ನಿಮ್ಮ ಭಾಷೆಯನ್ನೇ. ಆದರೆ ಆಕಾಶವಿಲ್ಲದೆ ಆಡುತ್ತ ಬಂದುದರಿಂದ ಅದರಲ್ಲಿ ಕೆಲವು ಪದಗಳು ಬಾಡಿವೆ, ಕೆಲವು ಹೊಸದಾಗಿ ಹುಟ್ಟಿವೆ.

ಹೊರಗಿನ ಬೇಗೆಯಿಂದ ಮಕ್ಕಳನ್ನು ಉಳಿಸಲು ನೀವು ಬೆಟ್ಟದ ಹೊಟ್ಟೆಯಲ್ಲಿ ಕಟ್ಟಿದ ಊರನ್ನು ನಾವು ಒಳನಾಡು ಎನ್ನುತ್ತೇವೆ. ಇಲ್ಲಿ ಬದುಕು ನಡೆಯುವುದು ಗಾಳಿಸರದಿಯ ಮೇಲೆ. ಬೀಸುಯಂತ್ರದ ಗಾಳಿ ಒಂದೊಂದು ಓಣಿಗೆ ತಿರುಗುವ ಹೊತ್ತಿಗೆ ಆ ಹೆಸರು. ಆ ಹೊತ್ತಿನಲ್ಲಿಯೇ ಒಲೆ ಹಚ್ಚಬೇಕು, ಮಕ್ಕಳು ಓಡಿಯಾಡಬೇಕು, ಮದುವೆಯಿದ್ದರೆ ವಾದ್ಯ ಊದಬೇಕು. ಗಾಳಿ ಮುಂದಿನ ಓಣಿಗೆ ಹೊರಟಿತೆಂದರೆ ಎಲ್ಲರೂ ಗೋಡೆಗೊರಗಿ ಕುಳಿತು ಮಾಡುವ ಕೆಲಸಕ್ಕೆ ಇಳಿಯುತ್ತೇವೆ. ಹೆಣ್ಣುಮಕ್ಕಳಿಗೆ ನದಿಗಳ ಹೆಸರಿಡುವುದು ನಮ್ಮ ರೂಢಿ. ಹರಿಯುವ ನೀರನ್ನು ಕಂಡವರು ಮಾತ್ರ ಯಾರೂ ಇಲ್ಲ.

ನೀವು ಜತನದಿಂದ ಒಳಗೆ ತಂದ ದೇವಾಲಯದ ಶಿಲ್ಪಗಳೇ ನಮ್ಮ ಮಕ್ಕಳ ಪಾಲಿನ ಹೊರಜಗತ್ತು. ಕುದುರೆಯನ್ನು ಅವರು ಕುರುಕ್ಷೇತ್ರದ ಪಟ್ಟಿಕೆಯಲ್ಲಿ ಕಲಿಯುತ್ತಾರೆ. ಮಳೆಯೆಂದರೇನೆಂದು ಕೇಳಿದರೆ, ಗೋವರ್ಧನದ ಅಡಿಯಲ್ಲಿ ಕತ್ತೆತ್ತಿ ನಿಂತ ದನಗಳನ್ನು ತೋರಿಸುತ್ತೇನೆ. ಎಲ್ಲಕ್ಕಿಂತ ದೊಡ್ಡದು ಬಳಪದ ಕಲ್ಲಿನಲ್ಲಿ ಕಡೆದ ಕೈಲಾಸೋದ್ಧಾರ. ರಾವಣ ಇಪ್ಪತ್ತು ತೋಳೊಡ್ಡಿ ಕೈಲಾಸವನ್ನು ಎತ್ತುತ್ತಿದ್ದಾನೆ. ಶಿವ ಹೆಬ್ಬೆರಳಿಂದ ಬೆಟ್ಟವನ್ನು ಅದುಮಿ ಅವನನ್ನು ಅಡಿಯಲ್ಲಿ ಸಿಕ್ಕಿಸಿದ್ದಾನೆ. ನನ್ನ ಶಿಷ್ಯರಿಗೆ ರಾವಣನ ಮೇಲೆಯೇ ಪಕ್ಷಪಾತ. ಅವರ ಮಾತಿನಲ್ಲಿ ಹೇಳುವುದಾದರೆ, "ಪಾಪ, ಅವನೊಬ್ಬನೇ ನಮ್ಮ ಥರ ಬೆಟ್ಟದ ಕೆಳಗಿರೋನು."

ಆ ಶಿಲ್ಪವನ್ನು ನೀವು ನಿಲ್ಲಿಸಿದ ಜಾಗದ ಕುರಿತೇ ಈ ಪತ್ರ. ಹೊರಬಾಗಿಲಿನ ಸುರಂಗಕ್ಕೆ ಅದನ್ನೇ ಕದವಾಗಿಸಿ, ಸುತ್ತಲೂ ಸಿಮೆಂಟು ತುಂಬಿ, ನಿತ್ಯಪೂಜೆಗೆ ಏರ್ಪಾಡು ಮಾಡಿದಿರಿ. ಬೇಗೆ ಆರುವ ಮುನ್ನ ಎಳೆಯರು ಹೊರಗೋಡಿ ಸಾಯಬಾರದೆಂಬ ಕಳಕಳಿ ನಿಮ್ಮದು. ಬೀಗ ಒಡೆಯುವ ಕೈಯೂ ಪೂಜೆಗೊಂಡ ಮೂರ್ತಿಯ ಮೇಲೆ ಉಳಿ ಎತ್ತದೆಂದು ಎಣಿಸಿದಿರಿ. ಸರಿಯಾಗಿಯೇ ಎಣಿಸಿದಿರಿ. ನಮ್ಮ ಸಂಕಟವೂ ಅದೇ.

ಈ ವರ್ಷ ಬೀಸುಯಂತ್ರ ಸೋತಿದೆ. ಸರದಿಗಳು ಕಿರಿದಾಗುತ್ತಿವೆ, ತೊಟ್ಟಿಲ ಕೂಸುಗಳ ತುಟಿ ನೀಲಿಗಟ್ಟುತ್ತಿದೆ. ಇದರ ನಡುವೆ ನನ್ನ ಶಿಷ್ಯೆ ವೇದಾವತಿ ಶಿಲ್ಪದ ಧೂಳು ಒರೆಸುವಾಗ, ರಾವಣನ ಮಂಡಿಯ ಸಂದಿಯಿಂದ ಇರುವೆಯೊಂದು ನಡೆದುಬಂದಿತು. ಒಳನಾಡಿನಲ್ಲಿ ಇರುವೆಗಳಿಲ್ಲ. ಹೊರಗೆ ಜೀವವಿದೆಯೆಂದು ಅವಳು ಊರನ್ನೆಲ್ಲ ಕೂಡಿಸಿದಳು.

ಬಾಗಿಲು ಕಾಯುವ, ಪೂಜೆಯನ್ನೂ ಮಾಡುವ ಹಿರಿಯರನ್ನು ನಾವು ಬಾಗಿಲಯ್ಯ ಎನ್ನುತ್ತೇವೆ. ಈಗಿನ ಬಾಗಿಲಯ್ಯ ಶಾಂತವೀರಯ್ಯನವರು ಶಿಲ್ಪಕ್ಕೆ ಬೆನ್ನು ಕೊಟ್ಟು ನಿಂತರು. "ಮುಟ್ಟಿದ್ರೆ ಭಿನ್ನ ಆಗ್ತದೆ ಕಣವ್ವಾ. ಭಿನ್ನವಾದ ಶಿವನಿಗೆ ಯಾರು ಕೈ ಮುಗೀತಾರೆ?"

"ಹೊರಗೆ ಹೋದೋರು ಮುಗೀತಾರೆ ಅಜ್ಜಾರೇ. ಒಳಗೇ ಸತ್ತೋರು ಹೆಂಗೆ ಮುಗೀತಾರೆ?" ಎಂದಳು ವೇದಾವತಿ.

"ನಿನ್ನ ಬಾಯಿಗೂ ಒಂದಿಷ್ಟು ಸಿಮೆಂಟು ತುಂಬಬೇಕಿತ್ತು," ಎಂದರು ಅವರು. ಯಾರೋ ನಕ್ಕರು, ನಗಲು ಉಸಿರು ಸಾಲದೆ ಕೆಮ್ಮಿದರು.

ಆಗ ನಾನು ಶಿಲ್ಪಿಗಳ ಹಳೆಯ ಕ್ರಮವೊಂದನ್ನು ನೆನಪಿಸಿದೆ. ಗುಡಿಯ ಜೀರ್ಣೋದ್ಧಾರಕ್ಕೆ ಮೊದಲು ಮೂರ್ತಿಯಲ್ಲಿರುವ ದೈವಕಳೆಯನ್ನು ಕಲಶದ ನೀರಿಗೆ ಬರಮಾಡಿಕೊಳ್ಳುತ್ತಿದ್ದರು. ಅದಕ್ಕೆ ಕಲಾಕರ್ಷಣೆಯೆಂದು ಹೆಸರು. ಕಳೆ ಇಳಿದ ಮೇಲೆ ಉಳಿಯುವುದು ಕಲ್ಲು ಮಾತ್ರ. ಅದರ ಮೇಲೆ ಉಳಿ ಎತ್ತಿದರೆ ದೋಷವಿಲ್ಲ.

ಬಾಗಿಲಯ್ಯ ಶಿಲ್ಪದ ಕಡೆ ತಿರುಗಿದರು. "ಆ ಮಂತ್ರ ಯಾರಿಗೆ ಬರ್ತದೆ ಮೇಷ್ಟ್ರೇ?"

ನನಗೆ ಬಾರದು. ಯಾರಿಗೂ ಬಾರದು. ವೇದಾವತಿಯೇ ಹೇಳಿದಳು: "ದಿನಾ ಅನ್ನ ಇಟ್ಟು ಕರೀತೀರಲ್ಲ ಅಜ್ಜಾರೇ, ಹಂಗೇ ಕರೀರಿ. ನಿಮ್ಮ ದನಿ ಅವನಿಗೆ ಗುರುತಿರ್ತದೆ."

ಅವರು ತಮ್ಮ ಪಾಲಿನ ಕುಡಿಯುವ ನೀರನ್ನು ಚೊಂಬಿಗೆ ಸುರಿದು ಶಿವನ ಪಾದದ ಬಳಿ ಹಿಡಿದರು. "ಸ್ವಾಮೀ, ಸ್ವಲ್ಪ ಹೊತ್ತು ಇದರೊಳಗೆ ಬಾ. ಹುಡುಗರು ಹೊರಗೆ ಹೋಗಬೇಕಂತೆ," ಎಂದರು. ಆಮೇಲೆ ಚೊಂಬನ್ನು ಎದೆಗವಚಿಕೊಂಡು ಪಕ್ಕಕ್ಕೆ ಸರಿದರು. ಶಿಲ್ಪವನ್ನು ಮುಟ್ಟುವ ದಾರಿ ನಮಗೆ ತೆರೆದದ್ದು ಹೀಗೆ.

ಆದರೂ ಶಿಲ್ಪವನ್ನು ಇಡಿಯಾಗಿ ಸರಿಸಲು ಸಾಧ್ಯವಿಲ್ಲ. ನಿಮ್ಮ ಸಿಮೆಂಟು ಬಳಪದ ಕಲ್ಲಿಗಿಂತ ಗಟ್ಟಿ. ಅದು ಬಿಡುವ ಮೊದಲೇ ಕಲ್ಲು ಪುಡಿಯಾಗುತ್ತದೆ. ಆ ಕಲ್ಲಿನ ಕೈಲಾಸದ ಮೇಲೆ ಕಡೆದ ಜಿಂಕೆ, ಮಂಗ, ಹಾವು, ಮರ ಎಲ್ಲವನ್ನೂ ಒಡೆದೇ ನಾವು ದಾಟಬೇಕು. ಮಕ್ಕಳು ನಿನ್ನೆಯಿಂದ ಅವುಗಳನ್ನು ಬೆರಳಿನಿಂದ ತಡವಿ ತಡವಿ ಕಲಿತುಕೊಳ್ಳುತ್ತಿದ್ದಾರೆ, ಹೊರಗೆ ಮತ್ತೆ ಕಡೆಯಬೇಕೆಂದು. ಅವರು ಕಡೆದೇ ಕಡೆಯುತ್ತಾರೆಂದು ನನಗೆ ನಂಬಿಕೆಯಿದೆ.

ಈ ಪತ್ರ ನಿಮ್ಮನ್ನು ಹೇಗೆ ಸೇರೀತೋ ಅರಿಯೆ. ಸೇರಿದರೆ ಒಂದೇ ಕೋರಿಕೆ. ನಿಮ್ಮ ಕೈಯಲ್ಲಿ ಗಾರೆ ಇನ್ನೂ ಹಸಿಯಾಗಿದ್ದರೆ ಅದನ್ನು ಕೆಳಗಿಡಿ. ಆ ಕಲ್ಲನ್ನು ಕಡೆದವರು ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸುತ್ತಿದ್ದರು, ಹಾಗೆಯೇ ನಿಲ್ಲಿಸಿ. ಎಂದೋ ಒಂದು ದಿನ ನಿಮ್ಮ ಮಕ್ಕಳಿಗೆ ನಿಮಗಿಂತ ಹೆಚ್ಚು ತಿಳಿದಿರುತ್ತದೆಂದು ನಂಬಿ. ಅವರು ಭಯಭಕ್ತಿಯಿಂದಲೇ ಅದನ್ನು ಸರಿಸಿ, ದಾಟಿ, ಮತ್ತೆ ನೆಟ್ಟಗೆ ನಿಲ್ಲಿಸಿಯಾರು.

ವೇದಾವತಿ ಮೊದಲ ಏಟು ಹಾಕಿದ್ದಾಳೆ. ಚೂರುಗಳನ್ನು ಆಯ್ದು ಬುಟ್ಟಿಗೆ ತುಂಬಲು ನನ್ನನ್ನು ಕರೆಯುತ್ತಿದ್ದಾರೆ. ಬರುತ್ತೇನೆ.