ಕರಾಫು ಬಾಗಿಲಿಗೆ ಓಡುತ್ತಿದ್ದುದು ಯಾಕೆ

ಕಿಟಾಲೆ
ಜೂನ್ ೧೧, ಭಾನುವಾರ

ಪ್ರೀತಿಯ ನೆಕೇಸ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ಆ ವೃದ್ಧಾಶ್ರಮದ ಮುದುಕರನ್ನು ಎತ್ತಿ ಕೂರಿಸುವಾಗ ಇನ್ನೊಬ್ಬಳನ್ನು ಜೊತೆಗೆ ಕರೆದುಕೋ ಎಂದು ನೂರು ಸಲ ಹೇಳಿದ್ದೇನೆ, ನೀನು ಕೇಳುವ ಪೈಕಿಯಲ್ಲ. ಲೀಡ್ಸಿನಲ್ಲಿ ಈಗ ಬೇಸಿಗೆ ಎಂದು ಸ್ವೆಟರ್ ತೆಗೆದಿಟ್ಟುಬಿಡಬೇಡ. ನಾನು ಚೆನ್ನಾಗಿದ್ದೇನೆ. ಹೊತ್ತು ಹೊತ್ತಿಗೆ ಉಣ್ಣುತ್ತೇನೆ. ನಾನು ತಿರುವುವ ಉಗಾಲಿ ಮುದ್ದೆಯಲ್ಲಿ ಈಗ ಗಂಟು ಇರುವುದಿಲ್ಲ, ಬೇಕಾದರೆ ಮಗಳು ನಫುಲಳನ್ನು ಕೇಳು. ಹೋದ ವಾರ ಎಲ್ಡೊರೆಟ್‌ನಿಂದ ಬಂದವಳು ಎರಡು ದಿನ ಮಲಗಿದ್ದಳು, ತಿಂದಳು, ಹೋದಳು. ನವೆಂಬರಿಗೆ ಅವಳ ಕಾಲೇಜಿನ ಕೊನೆಯ ಪರೀಕ್ಷೆ. ವಠಾರದ ಹಿಂದಿನ ಮೆಕ್ಕೆಜೋಳ ನನ್ನ ಮೊಣಕಾಲು ಮುಟ್ಟಿದೆ.

ನಿನಗೆ ನನ್ನ ಮೇಲೆ ಸಿಟ್ಟು ಬಂದಿದೆ. ಬರಲೇಬೇಕು. ಹದಿನಾಲ್ಕು ದಿನದಿಂದ ನೀನು ರೆಕಾರ್ಡ್ ಮಾಡಿ ಕಳಿಸುವ ಮಾತಿಗೆ ನನ್ನಿಂದ ಉತ್ತರವಿಲ್ಲ. ಮೊನ್ನೆ ನೀನು ಬರೆದು ಕಳಿಸಿದ ಒಂದೇ ಸಾಲು, "ದರ್ಜಿ ಸಾಹೇಬ್ರೇ, ಬದುಕಿದ್ದೀರಾ?" ಎಂದು ಕೇಳಿದ್ದು, ಓದಿ ನಗು ಬಂತು. ಫೋನು ಕೆಟ್ಟಿಲ್ಲ. ನನಗೆ ಜ್ವರ ಬಂದಿಲ್ಲ. ಬೇರೆ ಹೆಂಗಸು ಸಿಕ್ಕಿಲ್ಲ, ಈ ಹೊಟ್ಟೆಗೆ ಯಾರು ಸಿಗುತ್ತಾರೆ? ಕಾರಣ ನಮ್ಮ ನಾಯಿ, ಕರಾಫು. ಫೋನಿನಲ್ಲಿ ಇಷ್ಟುದ್ದ ಒತ್ತುವುದು ನನ್ನ ಬೆರಳಿಗೆ ಆಗದ ಕೆಲಸ. ಬಾಯಲ್ಲಿ ಹೇಳಲು ಹೊರಟರೆ ಹೇಳಬೇಕಾದದ್ದನ್ನು ಬಿಟ್ಟು ಬೇರೆ ಏನೋ ಹೇಳಿಬಿಡುತ್ತೇನೆ. ನಿನ್ನ ಹಳೆಯ ಆಸ್ಪತ್ರೆಯ ಫ್ಲೋರೆನ್ಸ್ ಈ ಸಂಜೆ ನಿನ್ನ ಕಡೆಗೇ ಹೊರಟಿದ್ದಾಳೆ, ಕಾಗದ ಅವಳ ಕೈಯಲ್ಲಿ ಬರುತ್ತದೆ. ಈ ತಿಂಗಳ ಕೊನೆಗೆ ನೀನು ಇನ್ನೆರಡು ವರ್ಷದ ಕರಾರಿಗೆ ಸಹಿ ಹಾಕಬೇಕಲ್ಲ, ಅಷ್ಟರೊಳಗೆ ಇದೆಲ್ಲ ನಿನಗೆ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ನಿನ್ನಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ಈಸ್ಟರ್ ಹಬ್ಬದಿಂದ ಈಚೆಗೆ ಕರಾಫು ಊಳಿಡಲು ಶುರು ಮಾಡಿದ್ದ. ಅದೂ ಹಾಡುಹಗಲು. ಬಾಗಿಲ ಮುಂದೆ ಕೂತು, ಕತ್ತು ಮೇಲಕ್ಕೆತ್ತಿ, ಸತ್ತವರ ಮನೆಯಲ್ಲಿ ಅಳುವಂತೆ. ಪಕ್ಕದ ಮನೆಯ ಮಸಿಂದೆಯ ಕೆಲಸ ನಿನಗೆ ಗೊತ್ತು, ರಾತ್ರಿಯೆಲ್ಲ ಗೋದಾಮು ಕಾದು ಹಗಲು ಮಲಗುವವನು. "ಬಾಬಾ ನಫುಲ, ನಾನು ಊರು ಕಾಯ್ತೀನಿ, ನಿಮ್ಮ ನಾಯಿ ನನ್ನ ಕಾಯ್ತದೆ, ಇಬ್ಬರಿಗೂ ನಿದ್ದೆ ಇಲ್ಲ" ಎಂದು ಮೊದಮೊದಲು ನಗುತ್ತಲೇ ಹೇಳಿದ. ಆಮೇಲೆ ನಗು ಹೋಯಿತು. ವಠಾರದ ಯಜಮಾನ ಖಾಯೆಂಬ ಬಂದು, "ಜೂನ್ ಹತ್ತರವರೆಗೆ ನೋಡ್ತೀನಿ. ಆಮೇಲೂ ಕೂಗಿದ್ರೆ ನನ್ನ ತಮ್ಮನ ಕಬ್ಬಿನ ತೋಟಕ್ಕೆ ಕಳಿಸಿಬಿಡ್ತೀನಿ, ಅಲ್ಲಿ ಸರಪಳಿ ಹಾಕಿ ಕಟ್ತಾರೆ" ಎಂದ. ಕಣ್ಣು ಬಿಡದ ಮರಿಯನ್ನು ನೀನು ಏಪ್ರನ್ನಿನ ಜೇಬಿನಲ್ಲಿ ತಂದವಳು. ಲವಂಗದ ಬಣ್ಣ ನೋಡಿ ಕರಾಫು ಎಂದು ಹೆಸರಿಟ್ಟವಳು. ನಿನ್ನ ನಾಯಿಯನ್ನು ನಾನು ಕಳೆದೆ ಎಂದು ನಿನಗೆ ಯಾವ ಬಾಯಲ್ಲಿ ಹೇಳಲಿ?

ಪಶುವೈದ್ಯರು ಮೈಯೆಲ್ಲ ತಡವಿ ನೋಡಿ ರೋಗ ಏನೂ ಇಲ್ಲ ಎಂದರು. ನೈರೋಬಿಯ ಒಂದು ಹುಡುಗಿಯ ನಂಬರು ಕೊಟ್ಟರು. ಮುಥೋನಿ ಅಂತ, ನಮ್ಮ ನಫುಲಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಶನಿವಾರ ಶನಿವಾರ ಫೋನಿನಲ್ಲಿ ಮುಖ ತೋರಿಸಿ ನಾಯಿಗೆ ಪಾಠ ಹೇಳುತ್ತಾಳೆ, ಒಂದೊಂದು ನಾಯಿಗೂ ಅದರದೇ ಪಾಠವಂತೆ. ಖಾಯೆಂಬನಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕ. "ನಾಯಿಗೆ ಟ್ಯೂಷನ್ನಾ? ಯೂನಿಫಾರಮ್ಮೂ ಹೊಲೀರಿ, ಹೇಗೂ ದರ್ಜಿ ನೀವು!" ಮೊದಲ ದಿನ ಅವಳು ಕರಾಫುವಿನ ಜೊತೆ ಒಂದು ಮಾತೂ ಆಡಲಿಲ್ಲ. ಒಂದು ಗಂಟೆ ನನ್ನನ್ನೇ ಕೇಳಿದಳು: ಎಲ್ಲಿ ಮಲಗುತ್ತಾನೆ, ಯಾರು ಹಾಕಿದರೆ ತಿನ್ನುತ್ತಾನೆ, ನಾನು ಬೀಗದ ಕೈ ತೆಗೆದರೆ ಏನು ಮಾಡುತ್ತಾನೆ. ಆಮೇಲೆ, ಅವನು ಕೂಗಿದಾಗೆಲ್ಲ ಎಷ್ಟು ಹೊತ್ತು, ಅದಕ್ಕೆ ಮುಂಚೆ ಮನೆಯಲ್ಲಿ ಏನಾಯಿತು, ಎಲ್ಲ ಬರೆದಿಡಿ ಎಂದಳು. ನನ್ನ ಅಳತೆ ಪುಸ್ತಕದಲ್ಲೇ ಬರೆದೆ. ಎದೆ ಎಂದಿರುವ ಕಡೆ ಕೂಗಿದ ಹೊತ್ತು, ಸೊಂಟದ ಕಡೆ ಅದಕ್ಕೆ ಮುಂಚೆ ನಡೆದದ್ದು, ಉದ್ದದ ಕಡೆ ಎಷ್ಟು ನಿಮಿಷ ಎಂದು.

ಹೊಲಿಗೆ ಯಂತ್ರದ ಪಕ್ಕ ಚಾಪೆ ಹಾಕಿದೆ. ಚಾಪೆಯ ಮೇಲೆ ಸುಮ್ಮನೆ ಕೂತರೆ ಒಂದು ಒಣಮೀನು. ನಾನು ಬಾಗಿಲು ದಾಟಿ ಒಂದು ನಿಮಿಷಕ್ಕೆ ವಾಪಸು, ಎರಡು ನಿಮಿಷಕ್ಕೆ ವಾಪಸು, ಹೀಗೆ. ನಾಲ್ಕನೆಯ ವಾರಕ್ಕೆ ನಾನು ಅಂಗಡಿಗೆ ಹೋಗಿ ಹರಟೆ ಹೊಡೆದು ಬಂದರೂ ಅವನು ತಲೆ ಎತ್ತುತ್ತಿರಲಿಲ್ಲ. ಆದರೆ ನಾನು ಎದುರಿಗೇ ಕೂತಿರುವಾಗ ದಿನಕ್ಕೆ ನಾಲ್ಕೈದು ಸಲ ಎದ್ದು ಹೋಗಿ ಬಾಗಿಲ ಬಳಿ ಊಳಿಡುವುದು ಮಾತ್ರ ನಿಲ್ಲಲಿಲ್ಲ. ಮುಥೋನಿಗೆ ತಲೆಬುಡ ತಿಳಿಯಲಿಲ್ಲ. "ಮ್ಜೇ, ಪುಸ್ತಕದಲ್ಲಿ ಸೊಂಟದ ಕಡೆ ಎಲ್ಲಾ ದಿನಾನೂ 'ಹೊಲಿಯುತ್ತಿದ್ದೆ' ಅಂತಲೇ ಇದೆಯಲ್ಲ" ಎಂದಳು. ದೊಡ್ಡವರಿಗೆ ಮ್ಜೇ ಎನ್ನುವಾಗ ಅವಳ ದನಿ ಬಹಳ ಮೆತ್ತಗಿರುತ್ತದೆ. "ಒಂದಿನ ಫೋನನ್ನ ಎಲ್ಲಾದರೂ ಒರಗಿಸಿಟ್ಟು ಇಡೀ ದಿನ ವೀಡಿಯೊ ಚಿತ್ರ ತೆಗೀರಿ." ನಫುಲಳ ಹಳೆಯ ಫೋನನ್ನು ದಾರದ ಡಬ್ಬಕ್ಕೆ ಒರಗಿಸಿ ತೆಗೆದು, ನಾನೂ ನೋಡದೆ ಕಳಿಸಿಬಿಟ್ಟೆ.

ನೆಕೇಸ, ಆ ಶನಿವಾರ ಅವಳು ಅದನ್ನು ನನಗೇ ತೋರಿಸಿದಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಚಿತ್ರದಲ್ಲಿ ನಾನು ಯಂತ್ರ ನಿಲ್ಲಿಸುತ್ತೇನೆ. ಕನ್ನಡಕ ತೆಗೆಯುತ್ತೇನೆ. ಜೇಬಿನಿಂದ ನನ್ನ ಫೋನು ತೆಗೆದು ಒತ್ತುತ್ತೇನೆ. ನಿನ್ನ ದನಿ ಬರುತ್ತದೆ. "ಹೋಡೀ! ಯಾರಿದ್ದೀರಪ್ಪಾ ಮನೇಲಿ? ಹೋಡೀ!" ಆಸ್ಪತ್ರೆಯಿಂದ ಬಂದವಳು ನೆಂಟರ ಹಾಗೆ ನಿನ್ನ ಮನೆಯ ಬಾಗಿಲಲ್ಲೇ ನಿಂತು ಹೀಗೆ ಕೂಗುತ್ತಿದ್ದೆ. ನಾನು ಯಂತ್ರದ ಮುಂದಿನಿಂದಲೇ "ಕರಿಬೂ! ಒಳಗ್ಬಾ ತಾಯಿ, ಬಂದವಳು ಟೀ ಹಾಕು" ಎನ್ನುತ್ತಿದ್ದೆ, ನೀನು ಚಿಲಕ ತೆಗೆಯುವ ಮುಂಚೆಯೇ ಕರಾಫು ಬಾಗಿಲಲ್ಲಿ ಕುಣಿಯುತ್ತಿದ್ದ. ಅಲ್ಲಿಂದ ಕಳಿಸುವ ಒಂದೊಂದು ಮಾತನ್ನೂ ನೀನು ಹಾಗೆಯೇ ಶುರು ಮಾಡುತ್ತೀಯ. ಚಿತ್ರದಲ್ಲಿ ಅವನು ಚಾಪೆಯಿಂದ ಏಳುತ್ತಾನೆ, ಬಾಲ ಆಡಿಸುತ್ತ ಬಾಗಿಲಿಗೆ ಓಡುತ್ತಾನೆ, ಕೆಳಗಿನ ಸಂದಿಗೆ ಮೂಗು ಹಚ್ಚುತ್ತಾನೆ, ತಿರುಗಿ ನನ್ನನ್ನು ನೋಡುತ್ತಾನೆ, ಕಾಯುತ್ತಾನೆ, ಕೂಗುತ್ತಾನೆ. ನಾನು ಅವನ ಕಡೆ ನೋಡುವುದೂ ಇಲ್ಲ. ಅದನ್ನೇ ಮತ್ತೆ ಒತ್ತುತ್ತೇನೆ. ನೀನು ಹಿಮದಲ್ಲಿ ಜಾರಿ ಬಿದ್ದು ನಕ್ಕ ಆ ಮಾರ್ಚ್ ತಿಂಗಳ ಮಾತು, ಅದೊಂದನ್ನೇ ಐದು ಸಲ, ಈಸ್ಟರಿನಿಂದ ದಿನವೂ ಹೀಗೆ. ಐವತ್ತೆರಡು ವರ್ಷದ ಗಂಡಸು ಇದನ್ನು ಅಳತೆ ಪುಸ್ತಕದಲ್ಲಿ ಬರೆಯುವುದು ಹೇಗೆ? ನಾಚಿಕೆಯಿಂದ 'ಹೊಲಿಯುತ್ತಿದ್ದೆ' ಎಂದು ಬರೆದಿದ್ದೆ. ನನ್ನ ಆ ಸುಳ್ಳಿನಿಂದ ಪಾಪದ ಪ್ರಾಣಿ ಸರಪಳಿಗೆ ಹೋಗುವುದರಲ್ಲಿತ್ತು.

ಮುಥೋನಿ ಚಿತ್ರವನ್ನು ಅಲ್ಲಿಗೇ ನಿಲ್ಲಿಸಿದಳು. ಆಮೇಲೆ, "ಮ್ಜೇ, ಇವನಿಗೆ ಏನೂ ಆಗಿಲ್ಲ. ದಿನಕ್ಕೆ ಐದ್ಸಲ ಅಮ್ಮ ಬಂದ್ಲು ಅಂತ ನೀವೇ ಹೇಳ್ತೀರಿ. ಹೋಗಿ ನೋಡಿದ್ರೆ ಯಾರೂ ಇರಲ್ಲ. ನಾನಾಗಿದ್ರೂ ಅಳ್ತಿದ್ದೆ" ಎಂದಳು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೇಳಿ ಎಂದು ದಾರಿ ಹೇಳಿಕೊಟ್ಟಳು. ಮಾರನೆಯ ದಿನವೇ ತಂದು ಹಾಕಿಕೊಂಡೆ. ನಿನ್ನ ದನಿ ತಲೆಯೊಳಗೇ ಬಂದು ಕೂತಂತಾಯಿತು, ಇಷ್ಟು ಹತ್ತಿರ ನೀನು ಇಲ್ಲಿದ್ದಾಗಲೂ ಇರಲಿಲ್ಲ. ನೀನು ಹೋಡೀ ಎಂದೆ. ನನ್ನ ಬಾಯಿ ನನ್ನ ಅಪ್ಪಣೆ ಕೇಳದೆ "ಕರಿಬೂ" ಎಂದು ಕೂಗಿಬಿಟ್ಟಿತು. ಕರಾಫು ಎದ್ದು ಬಾಗಿಲಿಗೆ ಓಡಿದ.

ಅಂದಿನಿಂದ ಕೇಳುವುದನ್ನೇ ಬಿಟ್ಟೆ. ನೀನು ಕಳಿಸಿದ ಇಪ್ಪತ್ತಮೂರು ಮಾತುಗಳು ಫೋನಿನಲ್ಲಿ ಹಾಗೆಯೇ ಕೂತಿವೆ. ಕೇಳದೆ ಉತ್ತರ ಕೊಡುವುದು ಹೇಗೆಂದು ಸುಮ್ಮನಾದೆ, ಅದು ನನ್ನ ತಪ್ಪು, ಕ್ಷಮಿಸು. ನಿನ್ನೆ ಹತ್ತನೆಯ ತಾರೀಕು. ಖಾಯೆಂಬ ಬಂದು ಅರ್ಧ ಗಂಟೆ ಕೂತ. ಕರಾಫು ಚಾಪೆ ಬಿಟ್ಟು ಅಲ್ಲಾಡಲಿಲ್ಲ. ಗೋಡೆಯಾಚೆ ಮಸಿಂದೆಯ ಗೊರಕೆ. "ಇರ್ಲಿ ಬಿಡಿ, ನಿಮ್ಮ ಟ್ಯೂಷನ್ ಮೇಷ್ಟ್ರಮ್ಮ ಗಟ್ಟಿಗಿತ್ತಿ" ಎಂದು ಕರಾಫುವಿನ ಕಿವಿ ಕೆರೆದು ಹೋದ. ಮುಥೋನಿಗೆ ತಿಳಿಸಿದೆ, ಅವಳಿಗೆ ಹಿಗ್ಗೋ ಹಿಗ್ಗು. ನಾನೂ ಹಿಗ್ಗಬೇಕಿತ್ತು. ಸಂಜೆ ಐದೂವರೆಗೆ, ನೀನು ಮನೆಗೆ ಬರುತ್ತಿದ್ದ ಹೊತ್ತಿಗೆ, ಅವನು ಬಾಗಿಲ ಕಡೆ ಬೆನ್ನು ಹಾಕಿ ನಿದ್ದೆ ಮಾಡುತ್ತಿದ್ದ. ನನಗೆ ತಡೆಯಲಾಗಲಿಲ್ಲ, ಯಾರದೋ ಮಗುವಿನ ಯೂನಿಫಾರಮ್ಮಿನ ಮೇಲೆ ತಲೆಯಿಟ್ಟು ಅತ್ತೆ. ಅವನಿಗೆ ನಿನ್ನನ್ನು ಕಾಯದೆ ಇರುವುದನ್ನು ಕಲಿಸಿದವನು ನಾನೇ.

ಇದಿಷ್ಟು ಸಮಾಚಾರ. ನೀನು ಗಾಬರಿಯಾಗಬೇಡ, ನಾವಿಬ್ಬರೂ ಹೇಗೋ ನಡೆಸಿಕೊಂಡು ಹೋಗುತ್ತೇವೆ. ಮಸಿಂದೆ, ಖಾಯೆಂಬ, ಚರ್ಚಿನ ಹೆಂಗಸರು ಎಲ್ಲರೂ ನಿನ್ನನ್ನು ಕೇಳಿದ್ದಾರೆ. ದೇವರು ನಿನ್ನ ಸೊಂಟವನ್ನೂ ನಿನ್ನನ್ನೂ ಕಾಪಾಡಲಿ.

ನಿನ್ನ ದರ್ಜಿ,
ಮಕೋಖ

ಮರೆತಿದ್ದೆ: ಫ್ಲೋರೆನ್ಸ್ ಗೇಟಿನಲ್ಲಿ ನಿಂತಿದ್ದಾಳೆ, ಟ್ಯಾಕ್ಸಿಯವನು ಹಾರನ್ ಹೊಡೆಯುತ್ತಿದ್ದಾನೆ. ಹೋದ ತಿಂಗಳು ನೀನು ಕರಾರಿನ ಮಾತೆತ್ತಿದಾಗ "ಎರಡು ವರ್ಷ ತಾನೇ, ಕಣ್ಮುಚ್ಚಿ ತೆಗೆಯೋದರಲ್ಲಿ ಹೋಗುತ್ತೆ, ಹಾಕು ಸಹಿ" ಎಂದು ಗಟ್ಟಿಯಾಗಿ ಹೇಳಿದ್ದೆ. ಅದೂ ಸುಳ್ಳು. ಯಾವ ಫೀಸಿಗೆಂದು ನೀನು ಹೋದೆಯೋ, ನಫುಲಳ ಆ ಓದು ಈ ವರ್ಷ ಮುಗಿಯುತ್ತದೆ. ಸಹಿ ಹಾಕಬೇಡ ನೆಕೇಸ, ಬಂದುಬಿಡು. ಈಗಾಗಲೇ ಹಾಕಿದ್ದರೆ ಒಂದು ಸಾಲು ಬರೆದು ತಿಳಿಸು. ಅದನ್ನು ನಿನ್ನ ದನಿಯಲ್ಲಿ ಕೇಳುವ ಶಕ್ತಿ ನನಗಿಲ್ಲ.