ಬೆಸುಗೆಯ ಜಾಗ

ನವೆಂಬರ್ ೧೪, ಗುರುವಾರ

ಪ್ರೀತಿಯ ಬೆಳ್ಳಿಗೆ,

ಚೆನ್ನಾಗಿದ್ದೇನೆ ಎಂದು ಬರೆದರೆ ನೀನು ನಂಬುವುದಿಲ್ಲ, ಚೆನ್ನಾಗಿಲ್ಲ ಎಂದು ಬರೆದರೆ ನಿನ್ನ ತಂಗಿ ನಂಬುವುದಿಲ್ಲ. ಆದ್ದರಿಂದ ಬದುಕಿದ್ದೇನೆ, ಹೊತ್ತು ಹೊತ್ತಿಗೆ ಉಣ್ಣುತ್ತಿದ್ದೇನೆ ಎಂದಷ್ಟೇ ತಿಳಿ. ನಿನ್ನ ಬೆರಳಿನ ಗಾಯ ಮಾಗಿತೇ? ಪತ್ರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಇಡೀ ಮನೆಯಲ್ಲಿ ಕಾಗದ ಇಟ್ಟು ಬರೆಯುವಂಥ ಒಣ ಜಾಗ ಇರಲಿಲ್ಲ. ಮನೆಯೇ ಇರಲಿಲ್ಲ ಅನ್ನು. ಕೈಯೂ ಸುತ್ತಿಗೆ ಹಿಡಿದು ಹಿಡಿದು ಪೆನ್ನು ಹಿಡಿಯುವುದನ್ನು ಮರೆತಿತ್ತು.

ಫೋನು ಮಾಡಿ ಮಾಡಿ ಸಾಕಾಯಿತು, ಅದಕ್ಕೇ ಪತ್ರ. ಯಾವಾಗ ಮಾಡಿದರೂ ನಿನ್ನ ತಂಗಿಯೇ ಎತ್ತುತ್ತಾಳೆ. "ಅಕ್ಕ ಸ್ನಾನಕ್ಕೆ ಹೋಗಿದ್ದಾಳೆ ಭಾವ." ಬೆಳಿಗ್ಗೆ ಮಾಡಿದರೂ ಸ್ನಾನ, ಸಂಜೆ ಮಾಡಿದರೂ ಸ್ನಾನ. ಕಡಲ ಪಕ್ಕದಲ್ಲಿದ್ದಾಗಲೂ ನೀನು ಇಷ್ಟು ಹೊತ್ತು ನೀರಲ್ಲಿ ಇದ್ದವಳಲ್ಲ. ಮೊನ್ನೆ ಅವಳು ಹಾಗೆನ್ನುತ್ತಿರುವಾಗಲೇ ಹಿಂದಿನಿಂದ ನಿನ್ನ ಕೆಮ್ಮು ಕೇಳಿಸಿತು. ಕೇಳಿಸದವನಂತೆ "ಸರಿಯಮ್ಮ, ಆಮೇಲೆ ಮಾಡ್ತೀನಿ" ಎಂದು ಇಟ್ಟೆ. ಇಟ್ಟ ಮೇಲೆ ಮೈಯೆಲ್ಲ ಉರಿಯಿತು.

'ಆಮೇಲೆ' ಎಂದೆನಲ್ಲ, ಅದು ನಿನ್ನದೇ ಮಾತು. ಚಂಡಮಾರುತ ಹೋದ ಮರುದಿನ ತಂಗಿಯ ಊರಿನ ಬಸ್ಸು ಹತ್ತುತ್ತಾ ನೀನು ಹೇಳಿದ್ದು: "ನೀವು ಮನೆ ಕಟ್ಟಿ. ನಾನು ಬರೋದು ಬಿಡೋದು ಆಮೇಲೆ ನೋಡೋಣ." ಅಂದಿನಿಂದ ಆ ಆಮೇಲೆಯನ್ನು ಹಿಡಿದುಕೊಂಡೇ ಮರ ಹೊರುತ್ತಿದ್ದೇನೆ. ಮನೆ ಮುಗಿದರೆ ಆಮೇಲೆ ಬರುತ್ತದೆ. ಆಗ ನೀನು ಬರುತ್ತೀಯೋ ಇಲ್ಲವೋ ಗೊತ್ತಾಗುತ್ತದೆ. ಒಂದೊಂದು ಸಲ ಈ ಮನೆ ಮುಗಿಯುವುದೇ ಬೇಡ ಅನ್ನಿಸುತ್ತದೆ.

ಇನ್ನು ಸಮಾಚಾರ. ನೀನು ನೋಡಿಹೋದ ಹಾಗೆ, ಗಾಳಿ ನಮಗೆ ಬಿಟ್ಟದ್ದು ಮರಳಲ್ಲಿ ಹೂತಿದ್ದ ಕಂಬಗಳು ಮತ್ತು ನನ್ನ ಕೆಲಸದ ಮೇಜು ಮಾತ್ರ. ಒಬ್ಬ ಬಡಗಿ ಸಿಕ್ಕಿದ. ಎಲ್ಲರೂ ಅವನನ್ನು ಅವಸರದಣ್ಣ ಅನ್ನುತ್ತಾರೆ. ಹೆಸರು ಕೇಳಿಯೇ ನಾನು ಖುಷಿಪಟ್ಟಿದ್ದೆ. ಬಂದ ಮೊದಲ ದಿನ ಮಧ್ಯಾಹ್ನದವರೆಗೆ ಕಂಬಗಳ ಸುತ್ತ ನಡೆದ, ತಟ್ಟಿದ, ಕಿವಿ ಇಟ್ಟ, ಟೀ ಕುಡಿದ. "ನಾಳೆ ಶುರು ಮಾಡೋಣ ಯಜಮಾನ್ರೇ, ಇವತ್ತು ಮರಕ್ಕೂ ನನಗೂ ಪರಿಚಯ ಆಗ್ಲಿ" ಅಂದ. ಹೆಸರಿಟ್ಟವರು ಯಾರೋ ಕಿಡಿಗೇಡಿಗಳು. ಆದರೆ ಅವನು ಕೂರಿಸಿದ ತೊಲೆ ಮಾತ್ರ ಕೂದಲೆಳೆಯಷ್ಟೂ ಅಲುಗುವುದಿಲ್ಲ, ಅದನ್ನು ಒಪ್ಪಬೇಕು.

ಬೆಳಿಗ್ಗೆ ಮರದ ಕೆಲಸ, ಮಧ್ಯಾಹ್ನದ ಮೇಲೆ ಬೆಳ್ಳಿ ಕೆಲಸ. ಪೇಟೆಯ ಅಂಗಡಿಯಾಕೆ ಕಿವಿಯೋಲೆಗಳನ್ನು ಕೇಳುತ್ತಲೇ ಇದ್ದಾಳೆ, ಗಾಳಿ ಬಂದದ್ದು ನಮಗೇ ಹೊರತು ಅವಳ ಗಿರಾಕಿಗಳಿಗಲ್ಲವಲ್ಲ. ನನ್ನ ಬೆರಳುಗಳು ಮರಗೆಲಸದಿಂದ ಎಷ್ಟು ಒರಟಾಗಿವೆಯೆಂದರೆ ಪಾಲಿಶ್ ಮಾಡಿದ ಬೆಳ್ಳಿಯನ್ನು ಮುಟ್ಟಿದರೆ ಅದರ ಮೇಲೆ ಗೀರು ಬೀಳುತ್ತದೆ. ನೀನು ಮಾಡುತ್ತಿದ್ದ ಪಾಲಿಶ್ ನನಗೆ ಬರುವುದಿಲ್ಲ. ಇದನ್ನು ನಾನು ಬರೆದೇ ಕೊಟ್ಟಿದ್ದೇನೆ, ಬೇಕಾದರೆ ನಿನ್ನ ತಂಗಿಗೆ ತೋರಿಸು.

ನಾನು ಓಲೆಗೆ ಕಡಲ ಗಾಜು ಕಟ್ಟುತ್ತೇನೆಂದು ಎಲ್ಲರಿಗೂ ಗೊತ್ತಲ್ಲ, ಸಿಕ್ಕ ಸಿಕ್ಕವರು ಗಾಜು ತಂದು ಸುರಿಯುತ್ತಾರೆ. ಎಲ್ಲ ಮೊನ್ನೆ ಮೊನ್ನೆ ಒಡೆದ ಕಿಟಕಿಗಳದ್ದು. "ಇದು ಕೈ ಕುಯ್ಯುತ್ತೆ ಅಜ್ಜಿ, ಕಡಲಲ್ಲಿ ವರ್ಷಗಟ್ಟಲೆ ಉರುಳಿ ನುಣ್ಣಗಾಗಿರ್ಬೇಕು" ಎಂದು ಬಲೆ ಹೆಣೆಯುವ ಅಜ್ಜಿಗೆ ಹೇಳಿದೆ. "ಹಾಗಾದ್ರೆ ವಾಪಸ್ ಹಾಕ್ಲಾ? ನುಣ್ಣಗಾದ್ಮೇಲೆ ತಂದ್ಕೊಡ್ತೀನಿ" ಎಂದು ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕಳು.

ನಮ್ಮ ಚೂರಿನ ಡಬ್ಬವನ್ನು ತಂದುಕೊಟ್ಟವಳೂ ಅವಳೇ. ಮಿಕ್ಕ ಬೆಳ್ಳಿ ಚೂರು, ಕೆಟ್ಟ ಕೊಂಡಿ, ಅರ ಉಜ್ಜಿದ ಪುಡಿ ಎಲ್ಲವನ್ನೂ ಹಾಕಿಟ್ಟು, ತುಂಬಿದಾಗ ಒಟ್ಟಿಗೆ ಕರಗಿಸುತ್ತಿದ್ದೆವಲ್ಲ, ಆ ತಗಡಿನ ಡಬ್ಬ. ಮಗುಚಿದ ದೋಣಿಯ ಕೆಳಗೆ ಸಿಕ್ಕಿತಂತೆ. ಮುಚ್ಚಳ ಎಷ್ಟು ಬಿಗಿಯಾಗಿತ್ತೆಂದರೆ ಒಳಗೆ ಮರಳೂ ಹೋಗಿರಲಿಲ್ಲ. "ನಿನ್ನ ಹೆಂಡ್ತಿ ಉಂಗುರ ಸಿಗ್ಲಿಲ್ವಾ?" ಎಂದು ಅಜ್ಜಿ ಕೇಳಿದಳು. ಚಂಡಮಾರುತದ ದಿನ ಸೊಂಟದೆತ್ತರದ ನೀರಲ್ಲಿ ಉಂಗುರ ಜಾರಿಹೋಯಿತು ಎಂದು ನೀನು ಹೇಳಿದ್ದನ್ನು ಅವಳೂ ಕೇಳಿಸಿಕೊಂಡಿದ್ದಳಂತೆ. "ಕಡಲಿಗೆ ಹೋದ್ದನ್ನ ಬಿಟ್ಟುಬಿಡಿ ಅಜ್ಜಿ" ಅಂದೆ. ಡಬ್ಬದಲ್ಲಿದ್ದದ್ದನ್ನು ಇನ್ನೂ ಕರಗಿಸಿಲ್ಲ.

ಕಿಟಕಿಯ ವಿಷಯ ಹೇಳಬೇಕು. ಹಳೆಯ ಮನೆಯಲ್ಲಿ ಕಡಲ ಕಡೆಗೆ ಇದ್ದದ್ದು ಒಂದೇ ಕಿಟಕಿ, ಅದರ ಕೆಳಗೆ ನನ್ನ ಮೇಜು. ನೀನು ನನ್ನ ಬೆನ್ನ ಹಿಂದೆ ಬಲ್ಬಿನ ಕೆಳಗೆ ಕೂತು ಪಾಲಿಶ್ ಮಾಡುತ್ತಿದ್ದೆ. "ನಿಮ್ಮ ಬೆನ್ನು ನೋಡಿ ನೋಡಿ ನಿಮ್ಮ ಮುಖ ಮರೆತುಹೋಗಿದೆ ರೀ" ಎಂದು ನೀನು ಒಮ್ಮೆ ಅಂದೆ. ನಾನು ತಮಾಷೆ ಅಂದುಕೊಂಡು ನಕ್ಕೆ, ಆಣೆ ಮಾಡಿ ಹೇಳುತ್ತೇನೆ. ಗೆರೆ ಕೆತ್ತುವವನಿಗೇ ಬೆಳಕು ಬೇಕು ಎಂದು ಈಗಲೂ ವಾದ ಮಾಡಬಲ್ಲೆ. ಮಾಡುವುದಿಲ್ಲ. ಈ ಸಲ ಎರಡು ಕಿಟಕಿ.

ಅವಸರದಣ್ಣ ಖಡಾಖಂಡಿತವಾಗಿ ಬೇಡವೆಂದ. "ಕಡಲ ಕಡೆ ಇನ್ನೊಂದು ಕಿಟಕಿ ಕೊಯ್ದ್ರೆ ಗೋಡೆಗೆ ಶಕ್ತಿ ಇರಲ್ಲ. ಅದರಲ್ಲಿ ಗಾಳಿ ನುಗ್ಗಿದ್ರೆ ಮೇಲಿನ ಮಾಡನ್ನೇ ಎತ್ಕೊಂಡು ಹೋಗತ್ತೆ. ಒಬ್ರೇ ಇರೋ ಮನೆಗೆ ಎರಡು ಕಿಟಕಿ ಯಾಕೆ ಯಜಮಾನ್ರೇ?"

"ಒಬ್ಬನೇ ಅಂತ ನಿಂಗ್ಯಾರು ಹೇಳಿದ್ದು?" ಎಂದು ಕಿರುಚಿದೆ. ಅವನು ಉಳಿಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿಕೊಂಡು ಹೊರಟೇ ಹೋದ. ಸಿಟ್ಟಿನಲ್ಲಿ ಹೋಗುವುದೂ ನಿಧಾನವೇ. ಮರುದಿನ ಏನೂ ಆಗದವನಂತೆ ಬಂದು, "ಎಲ್ಲಿ ಕೊಯ್ಯೋದು, ಗುರುತು ಹಾಕಿ" ಅಂದ. ನೀನು ಕೂತರೆ ಕಣ್ಣು ಎಲ್ಲಿಗೆ ಬರುತ್ತದೆಂದು ತಿಳಿಯಲು ನಾನು ಪೆಟ್ಟಿಗೆಯ ಮೇಲೆ ಕೂತು, ನಿನ್ನ ಕಣ್ಣು ಬರುವ ನನ್ನ ಗಲ್ಲದ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಎಳೆದೆ. ನಿನ್ನೆ ಚೌಕಟ್ಟು ಕೂತಿತು. ಹೊರಗಿನ ಹಲಗೆಯ ಕದಕ್ಕೆ ಸದ್ಯ ಒಂದೇ ಕೀಲು ಹಾಕಿದೆ. ಮಾಡಿನ ತಗಡುಗಳಿಗೆ ಇನ್ನೂ ಬೋಲ್ಟು ಬಿಗಿಯುವುದಿದೆ.

ತಡಿ, ಹೊರಗೆ ಯಾರೋ ಕೂಗುತ್ತಿದ್ದಾರೆ.

ಶನಿವಾರ

ಕೈಬರಹ ಕೆಟ್ಟಿದ್ದರೆ ಗಾಬರಿಯಾಗಬೇಡ. ಬಲಗೈ ಊದಿದೆ, ಮೂಳೆ ಮುರಿದಿಲ್ಲ.

ಗುರುವಾರ ಕೂಗಿದವನು ಅವಸರದಣ್ಣ. ಮರುದಿನ ಮಧ್ಯಾಹ್ನಕ್ಕೆ ಇನ್ನೊಂದು ಬಿರುಗಾಳಿ ಬರುತ್ತದೆ, ದಂಡೆಯವರೆಲ್ಲ ಶಾಲೆಯ ಕಟ್ಟಡಕ್ಕೆ ಹೋಗಬೇಕು ಎಂದು ರೇಡಿಯೋದಲ್ಲಿ ಹೇಳಿದರಂತೆ. "ಇದನ್ನ ಬಿಟ್ಟು ಬನ್ನಿ ಯಜಮಾನ್ರೇ. ಹೋದ್ರೆ ಇನ್ನೊಂದು ಕಟ್ಟೋಣ."

"ಇನ್ನೊಂದು ಕಟ್ಟೋವರೆಗೆ ಅವಳು ಕಾಯಲ್ಲ" ಅಂದೆ. ಬಾಯಿ ತಪ್ಪಿ ಬಂದ ಮಾತು. ಅವನು ನನ್ನ ಮುಖ ನೋಡಿದ. ಶುಕ್ರವಾರ ಬೆಳಿಗ್ಗೆ ಇಬ್ಬರೂ ಸೇರಿ ಕೈಲಾದಷ್ಟು ಬೋಲ್ಟು ಬಿಗಿದೆವು. ಆಮೇಲೆ ಅವನು ಹೆಂಡತಿ ಮಕ್ಕಳನ್ನು ಶಾಲೆಗೆ ಬಿಡಲು ಹೋದ. ನಾನು ಹೋಗಲಿಲ್ಲ. ನೀನಿದ್ದಿದ್ದರೆ ಬಯ್ಯುತ್ತಿದ್ದೆ, ಗೊತ್ತು.

ಗಾಳಿ ಹೇಳಿದ ಹೊತ್ತಿಗಿಂತ ಮೊದಲೇ ಬಂತು. ಮೊದಲು ತಗಡುಗಳು ಗುಂಯ್‌ಗುಟ್ಟಿದವು. ಆಮೇಲೆ ಮರಳು ಹಲಗೆಗೆ ಬಡಿಯುವ ಸದ್ದು, ಅದು ನಿನಗೂ ಗೊತ್ತು, ಹೋದ ಸಲ ನನ್ನ ತೋಳು ಹಿಡಿದು ಕೇಳಿದ್ದೆ. ನಿನ್ನ ಕಿಟಕಿಯ ಕದದ ಒಂಟಿ ಕೀಲು ಕಿತ್ತುಬಂತು. ಕದ ಒಳಕ್ಕೆ ಬಿತ್ತು, ಅದರ ಹಿಂದೆಯೇ ನೀರು. ಮೇಲೆ ಮಾಡು ಒಮ್ಮೆ ಎದ್ದು ಕೂತ ಹಾಗಾಯಿತು. ಕದವನ್ನು ಮತ್ತೆ ಚೌಕಟ್ಟಿಗೆ ಒತ್ತಿ, ನನ್ನ ಮೇಜನ್ನು ಎಳೆದು ಅದಕ್ಕೆ ಆನಿಸಿ, ಬೆನ್ನು ಕೊಟ್ಟು ನಿಂತೆ. ನಿನಗೆ ಅಷ್ಟು ಬೇಜಾರು ಬರಿಸಿದ ಅದೇ ಬೆನ್ನು. ಕಾಲು ಜಾರುತ್ತಿತ್ತು. ಬಿಟ್ಟುಬಿಡೋಣ, ಹೋದರೆ ಹೋಗಲಿ ಎಂದು ಬಾಯಿಬಿಟ್ಟೇ ಹೇಳಿಕೊಂಡೆ. ನಿಜಕ್ಕೂ ಹೆದರಿದ್ದೆ.

ಆಗ ಬಾಗಿಲು ತಳ್ಳಿಕೊಂಡು ಮೈಯೆಲ್ಲ ಮರಳಾದ ಅವಸರದಣ್ಣ ಬಂದ. ದಾರಿಯಲ್ಲಿ ಅರ್ಧ ತೆವಳಿಕೊಂಡೇ ಬಂದಿದ್ದನಂತೆ.

"ನೀನ್ಯಾಕೋ ಬಂದೆ!"

"ಸ್ವಲ್ಪ ಅವಸರ ಇತ್ತು" ಅಂದ.

ನಾನು ಹಲಗೆ ಹಿಡಿದೆ, ಅವನು ಅಡ್ಡಪಟ್ಟಿ ಹೊಡೆದ. ಒಮ್ಮೆ ಸುತ್ತಿಗೆ ಮೊಳೆ ತಪ್ಪಿ ನನ್ನ ಕೈ ಮೇಲೆ ಬಿತ್ತು. ಕೈ ತೆಗೆಯಲಿಲ್ಲ, ತೆಗೆದಿದ್ದರೆ ಎಲ್ಲವೂ ಹೋಗುತ್ತಿತ್ತು. ಕತ್ತಲಾಗುವಷ್ಟರಲ್ಲಿ ಗಾಳಿ ತಗ್ಗಿತು. ಹಿಂದಿನ ಕೆಲವು ತಗಡು ಹಾರಿಹೋಗಿವೆ. ಗೋಡೆ ನಿಂತಿದೆ, ಕಿಟಕಿ ನಿಂತಿದೆ. ಇವತ್ತು ಬೆಳಿಗ್ಗೆ ಅವನು ಪಟ್ಟಿ ಕಿತ್ತು, ಕದ ತೆಗೆದು, ನೀನು ಕೂರುವ ಜಾಗದಲ್ಲಿ ಬಿದ್ದ ಬೆಳಕನ್ನು ನೋಡಿದ. "ಬೆಳಕೇನೋ ಚೆನ್ನಾಗಿ ಬರತ್ತೆ. ಕೂರೋರು ಬರ್ಬೇಕು ಅಷ್ಟೆ" ಅಂದ.

ಆ ತಗಡುಗಳನ್ನು ಹಾಕಿದರೆ ಮನೆ ಮುಗಿಯಿತು. ನಿನ್ನ ಆಮೇಲೆ ಹತ್ತಿರ ಬಂತು, ಬೆಳ್ಳಿ. ಮಿಕ್ಕ ಗಂಡಂದಿರು ಚಿನ್ನ ಎಂದು ಕರೆಯುವಾಗ ಬೆಳ್ಳಿ ಕೆಲಸದವನಾದ ನಾನು ಬೆಳ್ಳಿ ಅಂದೆ, ನೀನು "ಜುಗ್ಗ" ಅಂದು ನಕ್ಕೆ. ಆ ನಗು ಕೇಳಿ ತುಂಬಾ ದಿನವಾಯಿತು. ಕೆಮ್ಮಿಗೆ ಔಷಧಿ ತೆಗೆದುಕೋ. ನಿನ್ನ ತಂಗಿಗೆ ಒಳ್ಳೆಯದಾಗಲಿ, ಅವಳ ಮಕ್ಕಳು ಸುಳ್ಳು ಹೇಳುವುದನ್ನು ಅವಳಿಂದ ಕಲಿಯದೆ ದೊಡ್ಡವರಾಗಲಿ ಎಂದು ಹರಸುತ್ತೇನೆ. ನೀನು ಎಲ್ಲಿದ್ದರೂ ಚೆನ್ನಾಗಿರು.

ನಿನ್ನ
'ರೀ'

ಮತ್ತೆ: ಪತ್ರ ತಡವಾದದ್ದಕ್ಕೆ ಮೇಲೆ ಬರೆದ ಕಾರಣಗಳೆಲ್ಲ ನಿಜ. ದೊಡ್ಡ ಕಾರಣ ಅದಲ್ಲ. ಅಜ್ಜಿ ಡಬ್ಬ ತಂದುಕೊಟ್ಟ ದಿನವೇ ಕರಗಿಸಲೆಂದು ಅದನ್ನು ಮೇಜಿನ ಮೇಲೆ ಸುರಿದೆ. ಚೂರುಗಳ ನಡುವೆ ನಿನ್ನ ಉಂಗುರ ಇತ್ತು. ನನ್ನ ಸಣ್ಣ ಗರಗಸದಲ್ಲಿ ಕೊಯ್ದದ್ದು. ಅದು ಜಾರಿಹೋಗುವ ಉಂಗುರವೇ ಅಲ್ಲ, ಸೋಪು ಹಚ್ಚಿದರೂ ಗೆಣ್ಣು ದಾಟುತ್ತಿರಲಿಲ್ಲ. ಗಾಳಿಗೆ ಮೊದಲು ನೀನು ಆ ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದೆ, ಈರುಳ್ಳಿ ಹೆಚ್ಚುವಾಗ ಆಯಿತು ಅಂದಿದ್ದೆ. ಬಟ್ಟೆಯ ಕೆಳಗೆ ಉಂಗುರ ಇದೆ ಎಂದೇ ನಾನು ತಿಳಿದಿದ್ದೆ. ಅಂದರೆ ನೀನು ಹೋದದ್ದು ಚಂಡಮಾರುತಕ್ಕೆ ಹೆದರಿ ಅಲ್ಲ. ಅದು ಬರುವ ಮೊದಲೇ ನೀನು ಮನಸ್ಸಿನಲ್ಲಿ ಹೊರಟಿದ್ದೆ. ಇದನ್ನು ತಿಳಿದೇ ಆ ಕಿಟಕಿ ಇಡಿಸಿದೆ.

ಒಂದೇ ಒಂದು ಪ್ರಶ್ನೆ. ಆ ಉಂಗುರದ ಬೆಸುಗೆ ಎಲ್ಲಿದೆಯೆಂದು ಜಗತ್ತಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತು, ಬೆಸೆದ ನನಗೆ, ಪಾಲಿಶ್ ಮಾಡಿದ ನಿನಗೆ. ಸುತ್ತಲಿನ ಅಲೆಗಳ ಗೆರೆಯಲ್ಲಿ ಒಂದು ಅಲೆ ಮಾತ್ರ ಚಿಕ್ಕದು, ಅದರ ಪಕ್ಕದಲ್ಲಿ. ನೀನು ಸರಿಯಾಗಿ ಅಲ್ಲೇ ಕೊಯ್ದಿದ್ದೀಯ. ಒಂದು ಅಲೆಯೂ ಕೆಟ್ಟಿಲ್ಲ, ಮತ್ತೆ ಬೆಸೆದರೆ ಗುರುತೂ ಉಳಿಯುವುದಿಲ್ಲ. ಬೇಗ ಕೊಯ್ಯಲಿ ಎಂದು ಮೆತ್ತಗಿನ ಜಾಗ ಹುಡುಕಿದೆಯೋ, ಮತ್ತೆ ಕೂಡಿಸಲು ಬರಲಿ ಎಂದು ಹುಡುಕಿದೆಯೋ, ದಿನವೂ ಕೈಯಲ್ಲಿ ಹಿಡಿದು ನೋಡುತ್ತೇನೆ, ನನಗೆ ತಿಳಿಯುತ್ತಿಲ್ಲ. ಇನ್ನೂ ಬೆಸೆದಿಲ್ಲ, ಈಗಿನ ಬೆರಳಿನ ಅಳತೆ ಬೇಕು. ಒಂದು ದಾರ ಸುತ್ತಿ ಕತ್ತರಿಸಿ ಲಕೋಟೆಯಲ್ಲಿ ಕಳಿಸು. ಕಳಿಸುವುದಿಲ್ಲ ಅಂತಾದರೆ ಫೋನನ್ನು ನೀನೇ ಎತ್ತಿ ಹೇಳು, ತಂಗಿಯ ಕೈಲಿ ಹೇಳಿಸಬೇಡ.