ಗೋಕಿಲಾ, ನೀನು ಬರಬೇಡ

ಅನ್ನೂರು
12-6-2025

ನನ್ನ ಕಣ್ಣು ಗೋಕಿಲಾಳಿಗೆ ಅಜ್ಜಿಯ ಆಶೀರ್ವಾದ.

ನಿನ್ನ ಮಂಡಿ ಆಪರೇಶನ್ ಆದಾಗಲೇ ಬರೆಯಬೇಕಿತ್ತು. ತಡವಾಯಿತೆಂದು ಬೈಯಬೇಡ, ಬೈಯುವ ಕೆಲಸ ನನ್ನದು. ತವರು ತಾಳವಾಡಿಯಲ್ಲಿ ಮೂರನೇ ಕ್ಲಾಸಿಗೆ ಬಿಟ್ಟ ಅಕ್ಷರ, ಒಂದೊಂದನ್ನೂ ಹುಡುಕಿ ಹಿಡಿದು ತರಬೇಕು. ತಮಿಳು ಶಾಲೆಯಲ್ಲಿ ಕಲಿತ ನಿನಗೆ ಕನ್ನಡ ಓದಲು ಬಾರದು, ಗೊತ್ತು. ಬೆಂಗಳೂರು ಹಾಕಿ ಕ್ಯಾಂಪಿನಲ್ಲಿ ನಿನ್ನ ರೂಮಿನಲ್ಲಿದ್ದಾಳಲ್ಲ ಕೊಡಗಿನ ಹುಡುಗಿ, ಅವಳು ಓದಿ ಹೇಳಲಿ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಪ್ಪ ಸ್ಪೀಕರ್ ಹಾಕಿ ಪಕ್ಕದಲ್ಲೇ ಕೂರುತ್ತಾನೆ. ಈ ಮನೆಯಲ್ಲಿ ನನ್ನನ್ನು ಬಿಟ್ಟರೆ ಯಾರಿಗೂ ಈ ಅಕ್ಷರ ತಿಳಿಯದು, ಅದೇ ಒಳ್ಳೆಯದಾಯಿತು.

ಅಜ್ಜಿ ಹಾಸಿಗೆ ಹಿಡಿದಿದ್ದಾಳೆ, ನಿನ್ನನ್ನೇ ಕೇಳುತ್ತಿದ್ದಾಳೆ, ಓಡಿ ಬಾ ಎಂದು ಮೊನ್ನೆ ಅವನು ಫೋನ್ ಮಾಡಿದನಲ್ಲ, ಅದು ಸುಳ್ಳು. ಆಗ ನಾನು ಹಿತ್ತಲಲ್ಲಿ ಆಡಿಗೆ ಸೊಪ್ಪು ಹಾಕುತ್ತಿದ್ದೆ. ಇದೇನೋ ಎಂದು ಕೇಳಿದ್ದಕ್ಕೆ, "ಅವ್ವಾ, ಅವಳು ಬರುವ ತನಕ ಸುಮ್ಮನೆ ಮಲಗಿರು, ನಿನ್ನಿಂದ ಇಷ್ಟೂ ಆಗದಾ?" ಎಂದ. ನಿಮ್ಮಮ್ಮ ಗೋಮತಿ ಅಷ್ಟರಲ್ಲಿ ಹಾಸಿಗೆ ಕೊಡವಿ ಹಾಸಿಯೂ ಬಿಟ್ಟಿದ್ದಳು.

ವಿಷಯ ಇಷ್ಟೇ. ಪಲ್ಲಡದ ಕೋಳಿ ಫಾರ್ಮಿನವರಿಗೆ ನಿನ್ನನ್ನು ಕೊಡುವುದೆಂದು ಮಾತಾಡಿದ್ದಾರೆ. ನೀನು ಬಂದಿಳಿದ ಮರುದಿನವೇ ನಿಶ್ಚಯ, ಅದರ ಹಿಂದೆಯೇ ತಾಳಿ. ಇಂಡಿಯಾಗೆ ಆಡಿದ ಹುಡುಗಿ ಎಂದು ಹೇಳಿಕೊಳ್ಳಲು ಬೇಕಂತೆ, ಆಮೇಲೆ ಆಡಬಾರದಂತೆ. ಆ ಮಂಡಿ ಇಟ್ಟುಕೊಂಡು ಹಸೆಮಣೆ ಮೇಲೆ ಕಾಲು ಮಡಿಸಿ ಕೂರುತ್ತಾಳಾ ಎಂದು ಹುಡುಗನ ತಾಯಿ ನನ್ನನ್ನೇ ಕೇಳಿದಳು. "ನಮ್ಮ ಹುಡುಗಿ ಓಡಿ ಓಡಿ ಮಂಡಿ ಕೆಡಿಸಿಕೊಂಡಳು. ನಿಮ್ಮ ಹುಡುಗ ಕೂತಲ್ಲೇ ಕೂತು ಆ ಹೊಟ್ಟೆ ಬೆಳೆಸಿದ್ದಾನಲ್ಲ, ಅವನಿಗೆ ಕಾಲು ಮಡಿಸಲು ಬರುತ್ತದಾ?" ಎಂದೆ. ಕಾಫಿ ಅರ್ಧಕ್ಕೇ ಬಿಟ್ಟು ಎದ್ದಳು. ಸಂಬಂಧ ಮಾತ್ರ ಬಿಡಲಿಲ್ಲ, ಮಾನಗೆಟ್ಟವರು.

ನಿಮ್ಮಪ್ಪನನ್ನು ಏನೆನ್ನಲಿ. ಚಡ್ಡಿ ಹಾಕಿ ಓಡುತ್ತಾಳೆಂದು ವರ್ಷವಿಡೀ ನಿನ್ನೊಡನೆ ಮಾತು ಬಿಟ್ಟವನು. ನೀನು ಪದಕ ತಂದಾಗ ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಕಟ್ಟಿಸಿದ, ಅದರಲ್ಲಿ ನಿನ್ನ ಮುಖಕ್ಕಿಂತ ಅವನ ಮೀಸೆ ದೊಡ್ಡದು. ಟೀಮಿನಲ್ಲಿ ನಿನ್ನ ಹೆಸರಿಲ್ಲವೆಂದು ಟಿವಿಯಲ್ಲಿ ಬಂದದ್ದೇ ತಡ, ಅದನ್ನು ಇಳಿಸಿ ಆಡಿನ ಕೊಟ್ಟಿಗೆಗೆ ಹೊದಿಸಿದ. ಆಡು ಆ ಚಿತ್ರದಲ್ಲಿನ ನಿನ್ನ ಹಾಕಿ ಕೋಲನ್ನು ಮೆಲ್ಲುವುದನ್ನು ದಿನಾ ನೋಡುತ್ತೇನೆ.

ಮುಂದಿನ ತಿಂಗಳು ಮತ್ತೆ ಟೀಮಿಗೆ ಆರಿಸುತ್ತಾರೆ ಎಂದು ನೀನೇ ಹೇಳಿದ್ದೆ. ಈಗ ಕ್ಯಾಂಪ್ ಬಿಟ್ಟು ಬಂದರೆ ನಿನ್ನ ಜಾಗದಲ್ಲಿ ನಿಂತವಳು ನಿಂತೇ ಬಿಡುತ್ತಾಳೆ. ಯಾರು ಸತ್ತರೆಂದು ಫೋನ್ ಬಂದರೂ ಹೊರಡಬೇಡ. ನಾನು ಎರಡು ಹೊತ್ತೂ ರಾಗಿಕಳಿ ತಿಂದು ಗುಂಡುಕಲ್ಲಿನ ಹಾಗಿದ್ದೇನೆ.

ನಿನ್ನ ಮಂಡಿ ಗಟ್ಟಿಯಾಗಲಿ, ಆ ನೀಲಿ ಅಂಗಿ ಮತ್ತೆ ನಿನ್ನ ಮೈಮೇಲೆ ಏರಲಿ.

ನಿನ್ನ ಅಜ್ಜಿ
ಕಾಮಾಕ್ಷಿಯಮ್ಮ

ತಾ.ಕ. ಇದನ್ನು ಓದುತ್ತಿರುವ ಕೊಡಗಿನ ಮಗಳಿಗೆ. ಜೋರಾಗಿ ಓದಬೇಡ, ತಾಯಿ. ಮರುದಮಲೆ ಗುಡಿಗೆಂದು ಮನೆಯಲ್ಲಿ ಹೇಳಿ, ಪಕ್ಕದ ಮನೆಯ ಕಣ್ಣಮ್ಮನ ಜೊತೆ ಕೊಯಮತ್ತೂರಿನ ಆಸ್ಪತ್ರೆಗೆ ಹೋಗಿದ್ದೆ. ಹೊಟ್ಟೆಯಲ್ಲಿ ಗಡ್ಡೆ, ಹರಡಿಬಿಟ್ಟಿದೆ, ದೀಪಾವಳಿ ಕಾಣುವುದು ಕಷ್ಟ ಎಂದರು. ನನ್ನ ಮಗ ಹೇಳಿದ್ದು ನಿಜವೆಂದು ಅವನಿಗೇ ಗೊತ್ತಿಲ್ಲ. ಗೊತ್ತಾದರೆ ಅವಳನ್ನು ಕರೆಸಲು ಅವನಿಗೆ ಸುಳ್ಳೇ ಬೇಕಾಗುವುದಿಲ್ಲ. ಸೊಸೆ ಹಾಸಿದ ಹಾಸಿಗೆಯನ್ನು ಮೈ ಬೇಡುತ್ತದೆ, ನಾನು ಕೂತೇ ಇರುತ್ತೇನೆ.

ನೀನು ಹೀಗೆ ಸುಮ್ಮನಾದದ್ದು ನೋಡಿ, ಕೊನೆಗೆ ಏನು ಬರೆದಿದ್ದಾಳೆ ಎಂದು ಅವಳು ಕೇಳುತ್ತಾಳೆ. ಬೈದಿದ್ದಾಳೆ ಎನ್ನು. ನಂಬುತ್ತಾಳೆ.